ದೊಡ್ಡಮಾವನ ಒಂದು ಕೈಲು ಅನ್ನ

ದೊಡ್ಡಮಾವನ ನೆತ್ತಿಯಲ್ಲಿ ಅಂಗೈಯಗಲದ ಒಂದು ಜಾಗ ಚಪ್ಪಟೆಯಾಗಿತ್ತು. ಅಲ್ಲಿಯ ಕೂದಲು ಉದುರಿದ್ದಲ್ಲ, ಸವೆದುಹೋದದ್ದು. ಸುತ್ತಲೂ ಬೆಳ್ಳಗಿನ ಕುರುಚಲು, ನಡುವೆ ಆ ಜಾಗ ಮಾತ್ರ ಕೂತು ಕೂತು ನುಣುಪಾದ ಮಣೆಯ ಹಾಗೆ ಮಿನುಗುತ್ತಿತ್ತು. ಬಂಟ್ವಾಳದಲ್ಲಿ ಹೊಳೆಬದಿಯ ಹಂಚಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಸಿಮಣ್ಣು ಹೊತ್ತ ತಲೆ ಅದು. ಊಟಕ್ಕೆ ಕೂತರೆ ಅವರು ಬಟ್ಟಲಿನ ಮೇಲೆ ಪೂರ್ತಿ ಬಗ್ಗಿಬಿಡುತ್ತಿದ್ದರು. ಬಡಿಸಲು ನಿಂತವಳಿಗೆ ಮುಖಕ್ಕಿಂತ ಆ ನೆತ್ತಿಯೇ ಹೆಚ್ಚು ಕಾಣುವುದು. ಹಾಗಾಗಿ ಅವರನ್ನು ನೆನೆದರೆ ನನಗೆ ಮೊದಲು ಕಣ್ಣಿಗೆ ಬರುವುದೂ ಅದೇ.

ಅವರು ನನ್ನ ಗಂಡನ ಸೋದರಮಾವ, ಅತ್ತೆಯ ಅಣ್ಣ. ಮದುವೆ ಆದವರಲ್ಲ. ಅತ್ತೆಯ ಗಂಡ ಬೇಗ ತೀರಿಹೋದ ಕಾರಣ ನನ್ನ ಗಂಡನನ್ನೂ ಅವರ ಅಕ್ಕನನ್ನೂ, ಅಂದರೆ ನನ್ನ ಅತ್ತಿಗೆಯನ್ನೂ, ಸಾಕಿ ಓದಿಸಿದ್ದು ಇವರೇ. ನಮ್ಮ ಜನರಲ್ಲಿ ಸೋದರಮಾವ ಅಂದರೆ ಮನೆಯ ಯಜಮಾನ, ಅವರ ಮಾತಿನ ಮೇಲೆ ಇನ್ನೊಂದು ಮಾತಿಲ್ಲ. ಸಿದ್ಧಕಟ್ಟೆ ಹತ್ತಿರ ಮಾರ್ಗದ ಬದಿಯಲ್ಲೇ ಇರುವ ನಮ್ಮ ಮನೆಯ ಮಾಡಿನ ಹಂಚುಗಳು ಕೂಡ ಆ ಕಾರ್ಖಾನೆಯವು. ಊಟ ಮುಗಿದ ಮೇಲೆ ಜಗಲಿಯಲ್ಲಿ ಅಂಗಾತ ಮಲಗಿ ಮಾಡು ನೋಡುತ್ತ, "ಇದರಲ್ಲಿ ನಾನು ಹೊತ್ತ ಮಣ್ಣಿನ ಹಂಚು ಯಾವುದೋ, ಗುರುತು ಸಿಕ್ಕಿದರೆ ಒಂದು ನಮಸ್ಕಾರ ಹಾಕಬಹುದಿತ್ತು" ಅನ್ನುತ್ತಿದ್ದರು.

ನಾನು ವಿಟ್ಲದಿಂದ ಈ ಮನೆಗೆ ಬಂದ ಐದನೇ ವರ್ಷ ಅತ್ತೆ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರು ತೆಂಗಿನ ಚಿಪ್ಪಿನ ಸೌಟನ್ನು, ನಮ್ಮಲ್ಲಿ ಕೈಲು ಅನ್ನುತ್ತೇವೆ, ನನ್ನ ಕೈಯಲ್ಲಿ ಇಟ್ಟು, "ಅಣ್ಣನ ಹೊಟ್ಟೆ ನೋಡಿಕೋ" ಎಂದಿದ್ದರು. ಬೇರೆ ಏನನ್ನೂ ಕೇಳಲಿಲ್ಲ. ದೇವರ ದೀಪದ ಎದುರು ನಾನು ಆಯ್ತು ಎಂದೆ. ಆ ಒಂದು ಮಾತಿನೊಳಗೆ ಎಷ್ಟು ವರ್ಷ ಸಿಕ್ಕಿಬೀಳುತ್ತೇನೆ ಎಂದು ಆಗ ಯಾರಿಗೆ ಗೊತ್ತಿತ್ತು?

ದೊಡ್ಡಮಾವನ ಊಟ ನೋಡಲಿಕ್ಕೆ ಚೆಂದ. ಬೆಳಗ್ಗೆ ಕುಚ್ಚಲಕ್ಕಿ ಗಂಜಿ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಸಂಜೆ ದೀಪ ಹಚ್ಚಿದ ಮೇಲೆ ಮತ್ತೆ ಅದೇ ಅನ್ನ. ನಾಲ್ಕು ಕೈಲು ಹಾಕಿದರೂ ಬಟ್ಟಲು ಸ್ವಲ್ಪ ನನ್ನ ಕಡೆಗೆ ವಾಲುತ್ತಿತ್ತು. ಅವರು ಬಾಯಿಬಿಟ್ಟು ಇನ್ನೂ ಹಾಕು ಎಂದವರಲ್ಲ. ಬಟ್ಟಲಿನ ಅಂಚು ಒಂದು ಬೆರಳಷ್ಟು ಎತ್ತಿದರೆ ಹಾಕಬೇಕು, ಅಷ್ಟೇ. ಕಾರ್ಖಾನೆ ಇದ್ದಾಗ ಆ ಅನ್ನವೆಲ್ಲ ಮಣ್ಣಿನ ಜೊತೆ ಬೆವರಾಗಿ ಹೋಗುತ್ತಿತ್ತು. ಕಾರ್ಖಾನೆ ಮುಚ್ಚಿತು, ತಲೆಯ ಹೊರೆ ಇಳಿಯಿತು, ಬಟ್ಟಲು ಮಾತ್ರ ಹಾಗೇ ಉಳಿಯಿತು.

ಅವರ ಬಲಗಾಲಿನ ಹುಣ್ಣು ತಿಂಗಳಾದರೂ ಒಣಗದೆ ಇದ್ದಾಗ ಬೆಳ್ತಂಗಡಿಗೆ ಕರಕೊಂಡು ಹೋದೆವು. ಡಾಕ್ಟ್ರು ರಕ್ತ ನೋಡಿಸಿ, ಸಕ್ಕರೆ ಕಾಯಿಲೆ, ಅದೂ ಬಹಳ ಏರಿದೆ ಎಂದರು.

"ನನ್ನ ಅಜ್ಜ ದಿನಕ್ಕೆ ಒಂದು ಸೇರು ಅಕ್ಕಿ ಉಂಡವರು ಡಾಕ್ಟ್ರೇ," ಎಂದರು ದೊಡ್ಡಮಾವ. "ತೊಂಬತ್ತು ವರ್ಷ ಬದುಕಿದ್ರು. ಒಂದು ಹಲ್ಲು ಹೋಗಿರ್ಲಿಲ್ಲ."

"ಅಜ್ಜನ ಹಾಗೆ ಊಟ ಮಾಡ್ತೀರಿ ಸರಿ. ಅಜ್ಜನ ಹಾಗೆ ಗದ್ದೆ ಹೂಡ್ತೀರಾ?"

"ಗದ್ದೆ ಎಲ್ಲಿ ಉಂಟು? ನೀವು ಕೊಡಿಸಿ, ನಾಳೆ ಬೆಳಗ್ಗೆ ಇಳೀತೇನೆ."

ಡಾಕ್ಟ್ರಿಗೂ ನಗು ಬಂತು. ಆದರೂ ಚೀಟಿಯಲ್ಲಿ ಹೊತ್ತಿಗೆ ಒಂದು ಸೌಟು ಅನ್ನ ಎಂದು ಬರೆದು, ಅದರ ಕೆಳಗೆ ಒಂದು ಗೆರೆ ಎಳೆದು, ಚೀಟಿಯನ್ನು ಅವರಿಗೂ ಕೊಡದೆ ನನ್ನ ಗಂಡನಿಗೂ ಕೊಡದೆ ನನ್ನ ಕಡೆ ಚಾಚಿದರು. "ಬಡಿಸುವುದು ನೀವಲ್ವಾ? ಇವರ ಕಾಲು ನಿಮ್ಮ ಕೈಯಲ್ಲಿ ಉಂಟು."

ಅಲ್ಲಿಂದ ಶುರುವಾಯಿತು. ಮೊದಲ ದಿನ ಒಂದೇ ಕೈಲು ಅನ್ನ ಬಡಿಸಿ ನಾನು ಎರಡು ಹೆಜ್ಜೆ ಹಿಂದೆ ನಿಂತೆ. ದೊಡ್ಡಮಾವ ಬಟ್ಟಲನ್ನು ಒಮ್ಮೆ ನೋಡಿದರು, ಕಿಟಕಿಯಲ್ಲಿ ಕೂತ ಬೆಕ್ಕನ್ನು ಒಮ್ಮೆ ನೋಡಿದರು.

"ಇದೆಂತ ಮಗಾ, ಪುಚ್ಚೆಯ ಪಾಲು ತಪ್ಪಿ ನನ್ನ ಬಟ್ಟಲಿಗೆ ಬಿತ್ತಾ?"

"ಡಾಕ್ಟ್ರು ಹೇಳಿದ್ದು ಅಷ್ಟೇ ಮಾವ."

"ಡಾಕ್ಟ್ರಿಗೆ ಬಡಿಸುವವರು ಯಾರು? ಅವರ ಹೆಂಡತಿಯ ಹತ್ತಿರ ಒಮ್ಮೆ ಮಾತಾಡಬೇಕು."

ಇಂಥ ಮಾತಿಗೆ ನಗಬಹುದು. ಆದರೆ ಮಾತು ಮುಗಿದ ಮೇಲೆ ಬಟ್ಟಲಿನ ಅಂಚು ಒಂದು ಬೆರಳು ಎತ್ತುವುದು ಇತ್ತಲ್ಲ, ಆಗ ನಾನು ಕೈಲು ಹಿಡಿದುಕೊಂಡು ಗೋಡೆ ನೋಡುತ್ತ ನಿಲ್ಲುತ್ತಿದ್ದೆ. ಹಸಿದವರಿಗೆ ಅನ್ನ ಹಾಕುವುದು ಪುಣ್ಯ ಎಂದು ಕಲಿತು ಬಂದವಳು ನಾನು. ಈ ಮನೆಯಲ್ಲಿ ಹಾಕದೆ ಇರುವುದೇ ಪುಣ್ಯವಾಗಿತ್ತು. ಹಾಕಿದರೆ ಅವರ ಕಾಲು ಹೋಗುತ್ತದೆ, ಹಾಕದಿದ್ದರೆ ಅತ್ತೆಗೆ ಕೊಟ್ಟ ಮಾತು ಹೋಗುತ್ತದೆ. ದಿನಕ್ಕೆ ಮೂರು ಸಲ ನಾನು ಎರಡರ ನಡುವೆ ನಿಲ್ಲಬೇಕು.

ಬುದ್ಧಿ ಹೇಳುವವರಿಗೆ ಬರವಿರಲಿಲ್ಲ. ಬಂಟ್ವಾಳ ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಕೆಲಸಕ್ಕೆ ಹೋಗುವ ಮೊದಲು ನನ್ನ ಗಂಡ, "ನೀನು ಮೆತ್ತಗಾದರೆ ಆಗ್ಲಿಕ್ಕಿಲ್ಲ" ಎಂದು ಹೇಳಿ ಹೋಗುತ್ತಿದ್ದರು. ಮೂಡುಬಿದಿರೆಯಿಂದ ಅತ್ತಿಗೆ ಫೋನು ಮಾಡಿ, "ನೀನು ಕದ್ದು ಹಾಕ್ತೀ ಅಂತ ನನಗೆ ಸಂಶಯ" ಎನ್ನುತ್ತಿದ್ದರು. ಆಚೆಮನೆಯವರು ಬೇಲಿಯ ಹತ್ತಿರ ಬಂದು, "ಪಾಪ, ಇಷ್ಟು ಪ್ರಾಯದವರಿಗೆ ಹೊಟ್ಟೆ ತುಂಬ ಹಾಕುವುದಿಲ್ವಂತೆ ಹೌದಾ?" ಎಂದು ನನ್ನನ್ನೇ ಕೇಳುತ್ತಿದ್ದರು. ಕೈಲು ಮಾತ್ರ ಯಾರೂ ಕೇಳಿ ತೆಗೆದುಕೊಳ್ಳಲಿಲ್ಲ.

ಅತ್ತಿಗೆ ಕೆಟ್ಟವರಲ್ಲ. ಸಕ್ಕರೆ ನೋಡುವ ಸೂಜಿಯ ಮಿಷನ್ ತಂದುಕೊಟ್ಟದ್ದು ಅವರೇ. ಭಾನುವಾರ ಬಂದರೆ ಮಾವನ ಬೆರಳು ಚುಚ್ಚಿ ನೋಡಿಯೇ ಹೋಗುವುದು. ಒಂದು ಸಲ ದೊಡ್ಡ ಚೀಲದಲ್ಲಿ ನವಣೆ, ಸಾಮೆ ಎಲ್ಲ ತಂದರು.

"ಮಾವ, ಇದು ನಮ್ಮ ಹಿರಿಯರ ಊಟ. ಇದನ್ನು ಬಿಟ್ಟದ್ದಕ್ಕೇ ನಮಗೆಲ್ಲ ಕಾಯಿಲೆ ಬಂದದ್ದಂತೆ. ಫೋನಿನಲ್ಲಿ ಒಬ್ಬರು ಚೆಂದ ಹೇಳ್ತಾರೆ, ಕೇಳಿ."

"ಯಾರ ಹಿರಿಯರು ಮಗಾ?"

"ಎಲ್ಲರ ಹಿರಿಯರು."

"ನಮ್ಮವರಲ್ಲ. ಆ ಫೋನಿನವನ ಅಜ್ಜ ಘಟ್ಟದ ಮೇಲಿನವನಿರಬೇಕು. ನನ್ನ ಅಜ್ಜಿ ಇದನ್ನು ಕಂಡಿದ್ದರೆ ಕೋಳಿಮರಿಗೆ ಹಾಕ್ತಿದ್ದಳು. ನಮ್ಮ ಹಿರಿಯರದ್ದು ಕುಚ್ಚಲಕ್ಕಿ. ಅಜ್ಜ ಒಂದು ಸೇರು..."

"ಗೊತ್ತುಂಟು, ತೊಂಬತ್ತು ವರ್ಷ, ಹಲ್ಲು ಹೋಗಿರ್ಲಿಲ್ಲ," ಎಂದು ಅತ್ತಿಗೆ ಕೈ ಮುಗಿದರು.

ಅತ್ತಿಗೆಯ ಮನಸ್ಸಿಗೆ ನೋವಾಗಬಾರದೆಂದು ಒಂದು ತಿಂಗಳು ನಾನು ನವಣೆಯನ್ನೂ ಬೇಯಿಸಿದೆ, ಕುಚ್ಚಲಕ್ಕಿಯನ್ನೂ ಬೇಯಿಸಿದೆ. ದೊಡ್ಡಮಾವ ನವಣೆಯನ್ನು ಕಷಾಯದ ಹಾಗೆ ಕಣ್ಣುಮುಚ್ಚಿ ನುಂಗಿ, ಆಮೇಲೆ ಅನ್ನಕ್ಕೆ ಬಟ್ಟಲು ಒಡ್ಡುತ್ತಿದ್ದರು. ಸಕ್ಕರೆ ಇಳಿಯುವ ಬದಲು ಏರಿತು. ನನ್ನ ಅದೃಷ್ಟಕ್ಕೆ ಉಳಿದ ನವಣೆಗೆ ಹುಳ ಹಿಡಿಯಿತು. ಅಷ್ಟು ಪುಣ್ಯ.

ಅನ್ನದ ಪಾತ್ರೆಗೆ ಅಕ್ಕಿ ಹಾಕುವಾಗ ನನ್ನ ಕೈ ಹಳೆಯ ಅಳತೆಯನ್ನು ಬಿಡಲೇ ಇಲ್ಲ. ಅವರಿಗೆ ಒಂದು ಕೈಲು ಎಂದಾದ ಮೇಲೆ ಕಡಿಮೆ ಬೇಯಿಸಬೇಕಿತ್ತು. ಆದರೆ ಅಷ್ಟು ವರ್ಷ ಅಳೆದ ಕೈ. ಒಲೆಯ ಮೇಲೆ ಪಾತ್ರೆ ಅರ್ಧ ಖಾಲಿ ಕಂಡರೆ ಮನೆಯಲ್ಲಿ ಏನೋ ಕೆಟ್ಟದ್ದಾಗಿದೆ ಅನ್ನಿಸುತ್ತಿತ್ತು. ಉಳಿದ ಅನ್ನವನ್ನು ಚೆಲ್ಲುವುದು ನನ್ನಿಂದಾಗದು. ಬೆಕ್ಕು ಎಷ್ಟು ತಿಂದೀತು? ಎಲ್ಲರದ್ದೂ ಮುಗಿದ ಮೇಲೆ ಒಲೆಯ ಹತ್ತಿರ ನಿಂತು, ಅವರಿಗೆ ಹಾಕದೆ ಬಿಟ್ಟ ಕೈಲುಗಳನ್ನು ನಾನು ಉಂಡು ಮುಗಿಸುತ್ತಿದ್ದೆ. ಹೆಂಗಸರು ಮಾಡುವುದು ಹಾಗೆಯೇ ತಾನೇ, ಅದನ್ನು ನಾನು ಒಂದು ವಿಷಯ ಎಂದು ಎಣಿಸಲಿಲ್ಲ.

ಹೀಗೆ ಒಂದು ವರ್ಷ ಹೋದ ಮೇಲೆ ಪಕ್ಕದ ಮನೆಯಲ್ಲಿ ಬೊಜ್ಜ ಬಂತು, ತೀರಿದವರ ಹೆಸರಿನಲ್ಲಿ ಊರಿಗೆ ಹಾಕುವ ಊಟ. ಅದಕ್ಕೆ ಹೋಗಬೇಡಿ ಎನ್ನುವ ಹಾಗಿಲ್ಲ. ನಾನು ಬಟ್ಟೆ ಒಗೆಯುತ್ತಿದ್ದೆ, ನೋಡುವಾಗ ದೊಡ್ಡಮಾವ ಕೊಡೆ ಊರಿಕೊಂಡು ಗೇಟು ದಾಟಿ ಆಗಿತ್ತು. "ಮಾವಾ!" ಎಂದು ಕೂಗಿದೆ. ಹಿಂದೆ ನೋಡದೆ ಕೊಡೆಯನ್ನು ಮೇಲೆತ್ತಿ ಆಡಿಸಿದರು. ಸಂಜೆ ಆ ಮನೆಯವರೇ ಬಂದು ಹೇಳಿದರು: "ನಿಮ್ಮ ಮಾವ ಐದು ಸಲ ಅನ್ನ ಹಾಕಿಸಿಕೊಂಡ್ರು ಮಾರಾಯ್ತಿ! ನಮಗೆ ಖುಷಿಯಾಯ್ತು." ಬರುವಾಗ ದೊಡ್ಡಮಾವನ ಚಪ್ಪಲಿಯ ಬಾರು ಕಿತ್ತು, ಬರಿಗಾಲಲ್ಲಿ ಬಂದಿದ್ದರು. ಕಿರುಬೆರಳಿಗೆ ಗಾಜು ಹೊಕ್ಕದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಬೆರಳು ಕಪ್ಪಾಯಿತು. ಆಸ್ಪತ್ರೆಯಲ್ಲಿ ಅದನ್ನು ತೆಗೆದರು. "ಇನ್ನೊಮ್ಮೆ ಹೀಗಾದರೆ ಪಾದ ತೆಗೀಬೇಕಾಗ್ತದೆ," ಎಂದರು ಡಾಕ್ಟ್ರು, ಈ ಸಲವೂ ನನ್ನನ್ನೇ ನೋಡಿ. ಮನೆಗೆ ಬಂದ ದಿನ ನನ್ನ ಗಂಡ ಅಂಗಡಿಯಿಂದ ಒಂದು ಬೀಗ ತಂದು ಅಡುಗೆಕೋಣೆಯ ಬಾಗಿಲಿಗೆ ಹಾಕಿದರು. ಊಟದ ಹೊತ್ತು ಬಿಟ್ಟು ಬಾಕಿ ಹೊತ್ತು ಬೀಗ. ಬೀಗದ ಕೈ ನನ್ನ ಕರಿಮಣಿ ಸರದಲ್ಲಿ.

ಬೀಗ ಬಿದ್ದ ಮೇಲಿನ ಎರಡು ವರ್ಷ ನೆನೆದರೆ ಈಗಲೂ ನನ್ನ ಕೈ ಕೊರಳಿಗೆ ಹೋಗುತ್ತದೆ. ಬಗ್ಗಿ ಗುಡಿಸುವಾಗ ಬೀಗದ ಕೈ ಎದೆಗೆ ಬಡಿಯುತ್ತಿತ್ತು. ದೇವರಿಗೆ ಅಡ್ಡ ಬಿದ್ದರೆ ನನಗಿಂತ ಮೊದಲು ಅದು ನೆಲ ಮುಟ್ಟಿ ಸದ್ದು ಮಾಡುತ್ತಿತ್ತು. ನಾನು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ವಿಟ್ಲದಲ್ಲಿ ನನ್ನ ಅಮ್ಮ ಹುಷಾರಿಲ್ಲದೆ ಮಲಗಿದ್ದಾಗ ಬೆಳಗ್ಗಿನ ಬಸ್ಸಿಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮುಂಚೆ ಮನೆಗೆ ಮುಟ್ಟಬೇಕು. ಅಮ್ಮನ ಹತ್ತಿರ ಕೂತರೆ ಕಣ್ಣು ಗಡಿಯಾರದ ಮೇಲೆ. "ನಿನ್ನನ್ನು ಆ ಮನೆಗೆ ಕೊಟ್ಟದ್ದಾ, ಕಟ್ಟಿ ಹಾಕಿದ್ದಾ?" ಎಂದು ಅಮ್ಮ ಒಮ್ಮೆ ಕೇಳಿದಳು. ಬಸ್ಸು ಮನೆಯ ಎದುರಿಗೇ ನಿಲ್ಲುತ್ತದೆ ಅಮ್ಮ, ಅಷ್ಟಾದರೂ ದೇವರು ಕೊಟ್ಟಿದ್ದಾನೆ ಎಂದೆ.

ದೊಡ್ಡಮಾವ ಬೀಗದ ಬಗ್ಗೆ ಒಂದೇ ಒಂದು ಸಲ ಮಾತಾಡಿದರು. ಜಗಲಿಯಲ್ಲಿ ಕೂತು ಕಾಲಿನ ಪಟ್ಟಿ ಬಿಚ್ಚಿಸಿಕೊಳ್ಳುವಾಗ ನನ್ನ ಕೊರಳನ್ನು ನೋಡಿ, "ಅದು ಭಾರ ಆಗ್ತದಾ ಮಗಾ?" ಎಂದರು.

"ಇಲ್ಲ ಮಾವ."

"ನಾನು ತಲೆಯಲ್ಲಿ ಹೊತ್ತವ. ಭಾರ ಇಲ್ಲ ಅನ್ನುವವರ ಕುತ್ತಿಗೆ ಹೇಗಿರ್ತದೆ ಅಂತ ನನಗೆ ಗೊತ್ತುಂಟು."

ಅದರ ಮರುವರ್ಷ, ಮಳೆ ಬಿಡದ, ಕಣಜ ಬರಿದಾಗುವ ಆಟಿ ತಿಂಗಳಲ್ಲಿ ಹಿರಿಯರಿಗೆ ಬಡಿಸುವ ದಿನ ಬಂತು. ನಮ್ಮಲ್ಲಿ ಅದಕ್ಕೆ ಅಗೆಲು ಹಾಕುವುದು ಅನ್ನುತ್ತೇವೆ. ತೀರಿಹೋದವರಿಗೆ ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ದೀಪ ಇಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುವುದು. ಒಂದು ಊಟ ಮುಗಿಯುವಷ್ಟು ಹೊತ್ತು ಯಾರೂ ಬಾಗಿಲು ತೆಗೆಯಬಾರದು, ಇಣುಕಬಾರದು. ಒಳಗೆ ಅವರು ಉಣ್ಣುತ್ತಿರುತ್ತಾರೆ. ಆಮೇಲೆ ಒಬ್ಬರು ಹೊರಗಿನಿಂದ ಕೆಮ್ಮಿ ಬಾಗಿಲು ತೆಗೆಯುವುದು, ಆ ಎಲೆಗಳನ್ನು ಮನೆಯವರು ಹಂಚಿಕೊಂಡು ಉಣ್ಣಬೇಕು. ಹೆತ್ತವಳ ಎಲೆ ಮಗನಿಗೆ.

ಅಂದು ಐದು ಎಲೆ ಹಾಕಿದ್ದೆವು: ಮಾವನ ಅಜ್ಜ, ಅಜ್ಜಿ, ಅಮ್ಮ, ಚಿಕ್ಕಂದಿನಲ್ಲೇ ಹೋದ ಅವರ ಒಬ್ಬ ತಮ್ಮ, ಮತ್ತೆ ನನ್ನ ಅತ್ತೆ. ಹಿರಿಯರ ಎಲೆಗೆ ಅಳತೆ ಹಿಡಿಯುವ ಕ್ರಮ ಇಲ್ಲ. ಎಲೆಯ ನಡುವೆ ಗುಡ್ಡೆಯ ಹಾಗೆ ಅನ್ನ, ಕೋಳಿ ಪದಾರ್ಥ, ಬಸಳೆ, ಒಣಸಿಗಡಿ ಚಟ್ನಿ, ದೋಸೆ. ದೊಡ್ಡಮಾವ ಹಿರಿಯರಾದ್ದರಿಂದ ಪ್ರಾರ್ಥನೆ ಅವರದ್ದು. ಪಟ್ಟಿ ಕಟ್ಟಿದ ಕಾಲು ಚಾಚಿ, ಗೋಡೆಗೆ ಒರಗಿ ಕೂತು ಕೈಮುಗಿದರು. ಎಲ್ಲ ಮುಗಿದು ಹೊರಗೆ ಬರಬೇಕು ಎನ್ನುವಾಗ ಅವರು ಏಳಲಿಲ್ಲ.

"ನಾನು ಇಲ್ಲೇ ಇರ್ತೇನೆ. ಕಾಲು ಏಳುವುದಿಲ್ಲ. ನೀವು ಬಾಗಿಲು ಎಳೀರಿ."

"ಹಾಗೆ ಆಗ್ತದಾ ಮಾವ?" ಎಂದರು ನನ್ನ ಗಂಡ.

"ಅವರಿಗೆ ನನ್ನ ಎದುರು ಎಂತ ನಾಚಿಕೆ? ನನ್ನನ್ನು ಎತ್ತಿ ಆಡಿಸಿದವರು. ಎಳಿ ಬಾಗಿಲು."

ಆ ದಿನ ಆ ಜಾಗದಲ್ಲಿ ಯಜಮಾನನ ಮಾತಿಗೆ ಎದುರಾಡುವ ಹಾಗಿಲ್ಲ. ನನ್ನ ಗಂಡ ಬಾಗಿಲು ಎಳೆದರು. ಐದು ಗುಡ್ಡೆ ಅನ್ನದ ಜೊತೆ, ಮೂರು ವರ್ಷದಿಂದ ಒಂದು ಕೈಲಿನಲ್ಲಿ ಬದುಕಿದ ಮನುಷ್ಯನನ್ನು ಒಳಗೆ ಬಿಟ್ಟು ನಾವು ಹೊರಗೆ ನಿಂತೆವು.

ಬಾಗಿಲಿನ ಬಳೆಯ ಮೇಲೆ ನನ್ನ ಕೈ ಇತ್ತು. ಅಡುಗೆಕೋಣೆಯ ಬೀಗದ ಕೈ ನನ್ನ ಕೊರಳಲ್ಲಿ, ಬೀಗವೇ ಇಲ್ಲದ ಈ ಬಾಗಿಲನ್ನು ಮಾತ್ರ ನಾನು ತೆಗೆಯುವ ಹಾಗಿಲ್ಲ. ತೆಗೆದರೆ ಹಿರಿಯರು ಊಟದ ನಡುವೆ ಎದ್ದುಹೋದ ಪಾಪ. ತೆಗೆಯದಿದ್ದರೆ ಅವರ ಪಾದ. ಒಳಗೆ ಎಲೆ ಸರಿದ ಸದ್ದು ಕೇಳಿತು. ಆಮೇಲೆ ಅವರ ಗೊಣಗುವ ಸ್ವರ. ಅತ್ತಿಗೆ ನನ್ನ ಮೊಣಕೈ ಹಿಡಿದು, "ಉಣ್ತಿದ್ದಾರೆ, ನೋಡು, ಉಣ್ತಿದ್ದಾರೆ" ಎಂದು ಪಿಸುಗುಟ್ಟಿದರು. ನಾನು ಕಣ್ಣುಮುಚ್ಚಿ ಪ್ರಾರ್ಥನೆ ಮಾಡಿದೆ: ದೇವರೇ, ಅವರು ಒಂದು ಅಗುಳೂ ಮುಟ್ಟದ ಹಾಗೆ ಮಾಡು. ಪ್ರಾರ್ಥನೆ ಮುಗಿದ ಮೇಲೆ ನಾನು ಕೇಳಿದ್ದು ಏನೆಂದು ನನಗೇ ಕೇಳಿಸಿತು. ಹಸಿದ ಮುದುಕನ ಬಾಯಿ ಕಟ್ಟು ಎಂದು ಹಿರಿಯರ ಬಾಗಿಲಲ್ಲಿ ನಿಂತು ದೇವರನ್ನು ಬೇಡಿದವಳು ಈ ಊರಲ್ಲಿ ನಾನೊಬ್ಬಳೇ ಇರಬೇಕು.

ನನ್ನ ಗಂಡ ಕೆಮ್ಮಿ ಬಾಗಿಲು ತೆಗೆದರು.

ಐದು ಎಲೆಗಳೂ ಬಡಿಸಿದ ಹಾಗೇ ಇದ್ದವು. ದೊಡ್ಡಮಾವ ಗೋಡೆಯ ಹತ್ತಿರದಿಂದ ಕುಂಡೆಯಲ್ಲೇ ಜರುಗಿ ಮೂರನೆಯ ಎಲೆಯ ಬಳಿ ಬಂದಿದ್ದರು. ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಕೈಗೆ ತೆಗೆದುಕೊಂಡು ತಮ್ಮ ಅಮ್ಮನ ಎಲೆಗೆ ನೊಣ ಕೂರದ ಹಾಗೆ ಮೆಲ್ಲ ಬೀಸುತ್ತ ಕೂತಿದ್ದರು. ಕಣ್ಣು ಒದ್ದೆಯಾಗಿತ್ತು.

"ಎಲ್ಲರೂ ಉಂಡರು," ಎಂದರು.

ಎಲೆ ಹಂಚುವಾಗ ನನ್ನ ಗಂಡ ಸ್ವಲ್ಪ ತಡವರಿಸಿ ಆ ಮೂರನೆಯ ಎಲೆಯನ್ನು ಅವರ ಮುಂದಿಟ್ಟು, "ಇವತ್ತೊಂದು ದಿನ ಅಲ್ವಾ, ಸ್ವಲ್ಪ..." ಎಂದರು. ದೊಡ್ಡಮಾವ ಒಂದು ತುತ್ತು ತೆಗೆದು ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಂಡರು. ಆಮೇಲೆ ಎಲೆಯನ್ನು ಎರಡೂ ಕೈಯಲ್ಲಿ ನನ್ನ ಕಡೆಗೆ ಸರಿಸಿದರು.

"ಇದು ಇವಳಿಗೆ. ಕೂತುಕೋ ಮಗಾ."

"ನಾನು ಮತ್ತೆ ಉಣ್ತೇನೆ ಮಾವ. ಬಡಿಸುವವರು ಯಾರು?"

"ಅವ ಬಡಿಸ್ತಾನೆ. ಅವನಿಗೆ ಕೈ ಇಲ್ವಾ?" ಎಂದು ನನ್ನ ಗಂಡನ ಕಡೆ ಗಲ್ಲ ಆಡಿಸಿ ತೋರಿಸಿದರು. "ನನ್ನ ಅಮ್ಮ ಒಲೆಯ ಬುಡದಲ್ಲಿ ನಿಂತೇ ಉಣ್ಣುವುದು. ನಾನು ಉಂಡೆ ಮಗಾ ಅಂತಿದ್ದಳು. ಉಂಡಿರ್ತಿರಲಿಲ್ಲ. ನನಗೆ ಹಾಕಿದ್ದು ಅವಳ ಪಾಲು ಅಂತ ದೊಡ್ಡವನಾದ ಮೇಲೆ ಗೊತ್ತಾಯ್ತು. ಈ ಮನೆಗೆ ಬಂದು ಇಷ್ಟು ವರ್ಷ ಆಯ್ತು, ನೀನು ಕೂತು ಉಂಡದ್ದನ್ನು ನಾನು ಕಂಡಿಲ್ಲ."

ನನ್ನ ಗಂಡ ನನ್ನ ಕೈಯಿಂದ ಕೈಲು ತೆಗೆದುಕೊಂಡರು. ನಾನು ಕೂತೆ. ಗುಡ್ಡೆ ಅನ್ನ, ಎದುರಿಗೆ ಅಷ್ಟು ಜನ. ಬಾಯಿ ಒಣಗಿತು. ಚೊಂಬಿನ ನೀರು ಕುಡಿದೆ. ಇನ್ನೊಂದು ಚೊಂಬು ಕೇಳಿದೆ. ಮೂರನೆಯದಕ್ಕೆ ಕೈ ಚಾಚುವಾಗ ದೊಡ್ಡಮಾವ ನನ್ನನ್ನೇ ನೋಡುತ್ತಿದ್ದರು.

"ಆಟಿಯ ಚಳಿಗೆ ಇಷ್ಟು ನೀರಾ? ನಾನು ನೋಡ್ತಾ ಇದ್ದೇನೆ, ನಾಲ್ಕು ತಿಂಗಳಾಯ್ತು. ನೀರು ಕುಡಿಯುವುದು, ಹಿತ್ತಿಲಿಗೆ ಹೋಗುವುದು. ರವಕೆ ಸಡಿಲ ಆಗಿದೆ. ನನಗೂ ಮೊದಲು ಹೀಗೇ ಆದದ್ದು." ಅತ್ತಿಗೆಯ ಕಡೆ ತಿರುಗಿ, "ಆ ಸೂಜಿಯ ಮಿಷನ್ ತಾ" ಎಂದರು.

ಎಲ್ಲರೂ ದೊಡ್ಡಮಾವನ ಬಟ್ಟಲನ್ನು ಕಾಯುತ್ತಿದ್ದರು, ನಾನೂ ಕಾಯುತ್ತಿದ್ದೆ. ಜಗಲಿಯಲ್ಲಿ ಕಾಲು ಚಾಚಿ ಕೂತು ಅವರು ನನ್ನನ್ನು ಕಾಯುತ್ತಿದ್ದುದು ಯಾರಿಗೂ ಗೊತ್ತಿರಲಿಲ್ಲ. ಮೂರು ವರ್ಷದಿಂದ ಆ ಮಿಷನ್ ನಮ್ಮ ಮನೆಯಲ್ಲಿ ಇತ್ತು, ಅದರ ಸೂಜಿ ನನ್ನ ಬೆರಳಿಗೆ ಒಮ್ಮೆಯೂ ತಾಗಿರಲಿಲ್ಲ. ಅತ್ತಿಗೆ ಚುಚ್ಚಿ, ಸಂಖ್ಯೆ ನೋಡಿ, ಮತ್ತೊಮ್ಮೆ ಚುಚ್ಚಿದರು. ಮಾವನಿಗೆ ಬಂದ ಯಾವ ಸಂಖ್ಯೆಗಿಂತಲೂ ಅದು ದೊಡ್ಡದಿತ್ತು.

"ಓ, ನನಗಿಂತ ಮುಂದೆ ಹೋದಳಲ್ಲ!" ಎಂದರು ದೊಡ್ಡಮಾವ. ಯಾರೂ ನಗಲಿಲ್ಲ. ಆಮೇಲೆ ಅವರ ಮುಖವೂ ಸಣ್ಣದಾಯಿತು.

ಬೆಳ್ತಂಗಡಿಯಲ್ಲಿ ಡಾಕ್ಟ್ರು ನನ್ನ ಊಟ ವಿಚಾರಿಸಿದಾಗ ಉಳಿದ ಅನ್ನದ ವಿಷಯ ಹೊರಗೆ ಬಂತು. ಮಾವನಿಗೆ ಹಾಕದೆ ಬಿಟ್ಟದ್ದೆಲ್ಲ ಎಲ್ಲಿಗೆ ಹೋಯಿತು ಎಂದು ನನ್ನ ಗಂಡ ಮೊದಲ ಸಲ ಯೋಚಿಸಿದ್ದು ಆ ಕುರ್ಚಿಯಲ್ಲಿ ಕೂತು. ನನ್ನ ಅಮ್ಮನಿಗೂ ಇರುವ ಕಾಯಿಲೆ, ಹೇಗೂ ಬರುವುದಿತ್ತೋ ಏನೋ, ಆದರೆ ತಡಮಾಡಿದ್ದರೆ ಕಣ್ಣಿಗೆ ಇಳಿಯುತ್ತಿತ್ತು ಎಂದರು ಡಾಕ್ಟ್ರು. ಕಣ್ಣು ಉಳಿಯಿತು. ಇದನ್ನು ಬರೆಯುತ್ತಿರುವುದು ಆ ಕಣ್ಣಿನಿಂದಲೇ.

ನನಗೂ ಒಂದು ಚೀಟಿ ಬಂತು. ಅನ್ನ ಒಂದು ಸೌಟು, ಹೊಟ್ಟೆ ತುಂಬಲು ಸೊಪ್ಪು, ಕೆಸುವಿನ ದಂಟು, ಹುರುಳಿ, ಬಾಳೆದಿಂಡು. ಮನೆಗೆ ಬಂದು ಓದಿ ಹೇಳಿದೆ. ದೊಡ್ಡಮಾವ ಪೂರ್ತಿ ಕೇಳಿ ಎದ್ದು ಕೂತರು.

"ಇನ್ನೊಮ್ಮೆ ಓದು." ಓದಿದೆ. "ಇದು ನನ್ನ ಅಮ್ಮನ ಆಟಿಯ ಅಡುಗೆ ಅಲ್ವಾ! ನಾನು ಮಣ್ಣು ಹೊರಲಿಕ್ಕೆ ಹೋದದ್ದೇ ಇದನ್ನು ತಪ್ಪಿಸಿಕೊಳ್ಳಲಿಕ್ಕೆ. ಇಷ್ಟು ದೂರ ಓಡಿ ಬಂದೆ, ಅದು ಡಾಕ್ಟ್ರ ಚೀಟಿ ಹಿಡಿದುಕೊಂಡು ಬಾಗಿಲಿಗೆ ಬಂತು ನೋಡು."

"ನಿಮ್ಮ ಮನೆಯಲ್ಲಿ ಸೇರುಗಟ್ಟಲೆ ಅನ್ನ ಅಲ್ವಾ ಮಾವ? ಅಜ್ಜ ಉಣ್ಣುತ್ತಿದ್ದದ್ದು?"

"ಅಜ್ಜನಿಗೆ ಅಕ್ಕಿ ಎಲ್ಲಿಂದ? ನಾವು ಗೇಣಿಯವರು ಮಗಾ. ಬೆಳೆದದ್ದನ್ನು ಹುಲ್ಲಿನ ಮುಡಿ ಕಟ್ಟಿ ಧಣಿಗಳ ಅಂಗಳಕ್ಕೆ ಹೊತ್ತು ಹಾಕಿ ಬರುವುದು. ಅನ್ನ ಅಂದರೆ ಹಬ್ಬಕ್ಕೆ. ಆಟಿಯಲ್ಲಿ ಸೊಪ್ಪು, ಹಲಸಿನ ಬೀಜ. ಅದೂ ಮುಗಿದರೆ ಬೈನೆ ಮರ ಕಡಿದು ಅದರ ತಿರುಳು ಕುಟ್ಟಿದ ಹಿಟ್ಟು."

"ತೊಂಬತ್ತು ವರ್ಷ?"

"ನಲವತ್ತು ತುಂಬಿರಲಿಲ್ಲ. ಹಲ್ಲು ಹೋಗಿರಲಿಲ್ಲ ಅಂದದ್ದು ಮಾತ್ರ ನಿಜ. ಹಲ್ಲು ಹೋಗ್ಲಿಕ್ಕೆ ಪ್ರಾಯ ಆಗಬೇಡ್ವಾ?"

"ಮತ್ತೆ ಊರಿಡೀ ಹಾಗೆ ಹೇಳಿಕೊಂಡು ಬಂದದ್ದು?"

"ಹಾಗೆ ಹೇಳದಿದ್ದರೆ ಇನ್ನೊಂದು ಕೈಲು ಸಿಕ್ಕುತ್ತಿತ್ತಾ?" ನಕ್ಕರು. ಆಮೇಲೆ ಮಾಡಿನ ಹಂಚು ನೋಡುತ್ತ, "ಅವರು ಉಂಡದ್ದನ್ನು ನಾನು ಉಂಡದ್ದಲ್ಲ ಮಗಾ. ಅವರು ಆಸೆಪಟ್ಟದ್ದನ್ನು ಉಂಡೆ. ಎಲ್ಲರದ್ದೂ ಒಬ್ಬನೇ ಉಂಡೆ. ಅದಕ್ಕೇ ಹೀಗಾಯ್ತೋ ಏನೋ" ಎಂದರು.

ಅತ್ತಿಗೆ ಈಗಲೂ ಫೋನಿನಲ್ಲಿ ಬಂದದ್ದನ್ನು ನನಗೆ ಕಳುಹಿಸುತ್ತಾರೆ. ಹಿರಿಯರ ಊಟ ನಮ್ಮ ಮೈಗೆ ಆಗುತ್ತದೆ ಎಂದು ಒಬ್ಬರು, ಆಗುವುದಿಲ್ಲ ಎಂದು ಇನ್ನೊಬ್ಬರು. ನಾನು ಹೆಚ್ಚು ಓದಿದವಳಲ್ಲ, ಅದನ್ನು ತೀರ್ಮಾನ ಮಾಡಲು ನನ್ನಿಂದಾಗದು. ಯಾರ ಹಿರಿಯರು, ಯಾವ ತಿಂಗಳ ಊಟ ಎಂದು ಮೊದಲು ಕೇಳಬೇಕು ಅನ್ನಿಸುತ್ತದೆ. ಅದು ದೊಡ್ಡಮಾವ ಕಲಿಸಿದ್ದು.

ಅಲ್ಲಿಂದ ಮುಂದೆ ನಾವಿಬ್ಬರೂ ಒಟ್ಟಿಗೆ ಉಂಡೆವು. ಎದುರೆದುರು ಕೂತು, ಇಬ್ಬರಿಗೂ ಒಂದೊಂದು ಕೈಲು. ಪಾತ್ರೆ ಚಿಕ್ಕದಾಯಿತು. ಅವರು ನನ್ನ ಬಟ್ಟಲನ್ನು ನೋಡುವುದು, ನಾನು ಅವರದ್ದನ್ನು ನೋಡುವುದು. "ನಿನ್ನದು ಎರಡು ಅಗುಳು ಹೆಚ್ಚು ಉಂಟು, ನಾನು ಎಣಿಸಿದೆ" ಎಂದು ಜಗಳ ತೆಗೆಯುತ್ತಿದ್ದರು. ಬೀಗ ಹಾಗೇ ಇತ್ತು. ತೆಗೆಯುವ ಎಂದು ನನ್ನ ಗಂಡ ಹೇಳಿದಾಗ ದೊಡ್ಡಮಾವನೇ, "ಇರಲಿ, ನನ್ನ ಮೇಲೆ ನನಗೆ ನಂಬಿಕೆ ಇಲ್ಲ" ಎಂದರು. ನನಗೂ ನನ್ನ ಮೇಲೆ ನಂಬಿಕೆ ಇರಲಿಲ್ಲ. ಒಂದೇ ಬೀಗದ ಒಳಗೆ ಇಬ್ಬರಿದ್ದೆವು, ಅಷ್ಟೇ ವ್ಯತ್ಯಾಸ. ಒಬ್ಬಳೇ ಇರುವುದಕ್ಕಿಂತ ಅದು ಎಷ್ಟೋ ಮೇಲು.

ಮತ್ತೆ ಎರಡು ವರ್ಷ ಇದ್ದರು. ಹುಣ್ಣು ಒಣಗಿತು, ಪಾದ ಉಳಿಯಿತು. ಒಂದು ಮಧ್ಯಾಹ್ನ ಊಟವಾಗಿ, ಜಗಲಿಯಲ್ಲಿ ಅಂಗಾತ ಮಲಗಿ, ಮಾಡು ನೋಡುತ್ತಿದ್ದ ಹಾಗೇ ಹೋದರು. ಹೃದಯ ನಿಂತದ್ದು ಎಂದರು. ಒಂದು ಕಿರುಬೆರಳು ಬಿಟ್ಟರೆ ತಂದದ್ದನ್ನೆಲ್ಲ ತೆಗೆದುಕೊಂಡೇ ಹೋದರು. ಅದಕ್ಕಾಗಿ ನಾನು ದೇವರಿಗೆ ದಿನವೂ ಕೈಮುಗಿಯುತ್ತೇನೆ. ಆದರೆ ಒಂದು ವಿಷಯ ನನಗೆ ನುಂಗಲಿಕ್ಕಾಗುವುದಿಲ್ಲ. ಆ ಮಧ್ಯಾಹ್ನ ಒಂದು ಕೈಲು ಮುಗಿಸಿದ ಮೇಲೆ, ಬಹಳ ದಿನದ ನಂತರ, ಅವರು ಬಟ್ಟಲಿನ ಅಂಚನ್ನು ಒಂದು ಬೆರಳಷ್ಟು ಎತ್ತಿದ್ದರು. ನಾನು ಮಜ್ಜಿಗೆ ಹೊಯ್ದೆ.

ಅವರ ವರ್ಷಾಂತಿಕ ಮುಗಿದು ಬಂದ ಆಟಿಯಲ್ಲಿ ಆರು ಎಲೆ ಹಾಕಿದೆವು. ಆರನೆಯ ಎಲೆಯ ಮುಂದೆ ನಾನು ಪಾತ್ರೆಯನ್ನೇ ತಂದಿಟ್ಟುಕೊಂಡು ಕೂತೆ. ಒಂದು ಕೈಲು, ಎರಡು, ಮೂರು, ನಾಲ್ಕು. ಅನ್ನ ಎಲೆಯ ಅಂಚಿಗೆ ಜಾರತೊಡಗಿತು.

"ಸಾಕಲ್ವಾ?" ಎಂದರು ನನ್ನ ಗಂಡ. "ಇದನ್ನು ಮತ್ತೆ ಉಣ್ಣುವವರು ಯಾರು? ನೀನಂತೂ ಉಣ್ಣುವ ಹಾಗಿಲ್ಲ."

"ನೀವೆಲ್ಲ ಉಣ್ಣಿ. ನನಗೆ ಅದರಿಂದ ಒಂದು ಕೈಲು ಕೊಡಿ," ಎಂದೆ. ಐದನೆಯದನ್ನೂ ಹಾಕಿದೆ. ಎಲೆಯ ಪಕ್ಕದಲ್ಲಿ ಅವರ ಬೈರಾಸು ಮಡಚಿ ಇಟ್ಟೆ. ಎಲ್ಲರೂ ಹೊರಗೆ ಬಂದೆವು. ಬಾಗಿಲು ಎಳೆದದ್ದು ನಾನು.

ಒಂದು ಊಟದ ಹೊತ್ತು ಕಳೆಯಿತು. ನನ್ನ ಗಂಡ ಕೆಮ್ಮಲು ಬಾಯಿ ತೆರೆದರು. ನಾನು ಅವರ ಕೈ ಹಿಡಿದೆ.

"ಸ್ವಲ್ಪ ತಡೀರಿ. ಮಾವ ಈಗಷ್ಟೇ ಎರಡನೇ ಸಲಕ್ಕೆ ಬಟ್ಟಲು ಎತ್ತಿರಬೇಕು."